ಮಕ್ಕಳನ್ನು ಒಂದು ವಸ್ತುವಿನ ಮುಂದೆ ಕೂರಲು ಬಿಡಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಈ ಎರಡು ಜಿಲ್ಲೆಗಳ ವಸ್ತುಸಂಗ್ರಹಾಲಯಗಳನ್ನು ನಡೆಸುತ್ತಿರುವ ಎಲ್ಲರಿಗೆ,

ಮಾನ್ಯರೇ, ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಒಂದು ದಿನ ನಾನು ಎಂಟನೇ ತರಗತಿಗೆ ಒಂದು ಗೊರಬೆ ತೆಗೆದುಕೊಂಡು ಹೋದೆ. ನಾನು ಚಿತ್ರಕಲಾ ಶಿಕ್ಷಕಿ. ಮಂಗಳೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ 19 ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಆ ದಿನ ವಸ್ತುಚಿತ್ರ ಬರೆಸಬೇಕಿತ್ತು. ಪ್ರತಿ ವರ್ಷ ಚೊಂಬು, ಬಾಳೆಹಣ್ಣು ಇಟ್ಟು ಬರೆಸಿ ನನಗೇ ಸಾಕಾಗಿತ್ತು. ನಮ್ಮ ಪಕ್ಕದ ಮನೆಯ ಅಜ್ಜಿಯ ಅಟ್ಟದಲ್ಲಿ ಈ ಗೊರಬೆ ಇತ್ತು. ಕೇಳಿದೆ, ಕೊಟ್ಟರು.

ಇದು ಏನು ಅಂತ ನಾನು ಮಕ್ಕಳಿಗೆ ಹೇಳಲಿಲ್ಲ. ಮೇಜಿನ ಮೇಲೆ ಇಟ್ಟು ಸುಮ್ನೆ ನಿಂತೆ. ಒಬ್ಬಳು ಆಮೆಯ ಚಿಪ್ಪು ಅಂದಳು. ಇನ್ನೊಬ್ಬ ದೋಣಿಯ ಆಟಿಕೆ ಅಂದ. ಮುಟ್ಟಬಹುದಾ ಟೀಚರ್ ಅಂತ ಕೇಳಿದರು. ಮುಟ್ಟಿ ಅಂದೆ. ಒಬ್ಬ ಹುಡುಗ ತಲೆಗೆ ಹಾಕಿಕೊಂಡ. ನೆಟ್ಟಗೆ ನಿಂತರೆ ಅದು ಹಿಂದಕ್ಕೆ ಜಾರುತ್ತಿತ್ತು. ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು, "ಬಗ್ಗಿ ನೋಡು ಮಾರಾಯ" ಅಂದಳು. ಅವನು ಬಗ್ಗಿದ. ಗೊರಬೆ ತಲೆಯಿಂದ ಸೊಂಟದವರೆಗೆ ಅವನ ಬೆನ್ನಿಗೆ ಸರಿಯಾಗಿ ಕೂತಿತು.

ಕ್ಲಾಸು ಒಂದು ಕ್ಷಣ ಮೌನವಾಯಿತು. ಆಮೇಲೆ ಮೂರು ನಾಲ್ಕು ಮಕ್ಕಳು ಒಟ್ಟಿಗೇ ಕೂಗಿದರು: "ನೇಜಿ ನೆಡುವಾಗ ಹಾಕುವುದು!" ನೇಜಿ ಅಂದರೆ ಭತ್ತದ ಸಸಿ. ಅದನ್ನು ನೆಡುವಾಗ ಮಳೆಗೆ ನೆನೆಯದ ಹಾಗೆ ಬೆನ್ನಿಗೆ ಹಾಕಿಕೊಳ್ಳುವುದೇ ಗೊರಬೆ.

ಹಾಗಾದರೆ ಕೊಡೆ ಯಾಕೆ ಹಿಡಿಯುತ್ತಿರಲಿಲ್ಲ ಅಂತ ಕೇಳಿದೆ. ಕೊಡೆ ಹಿಡಿದರೆ ಒಂದು ಕೈ ಹೋಯಿತಲ್ಲ ಟೀಚರ್, ನೆಡಲಿಕ್ಕೆ ಎರಡು ಕೈ ಬೇಕು ಅಂದರು. ಯಾರ ಮನೆಯಲ್ಲಿ ಇತ್ತು ಅಂತ ಕೇಳಿದೆ. ಒಬ್ಬಳು, ನನ್ನ ಅಜ್ಜಿ ಬೇರೆಯವರ ಗದ್ದೆಗೆ ನೆಡಲು ಹೋಗುತ್ತಿದ್ದರಂತೆ ಅಂದಳು. ಇನ್ನೊಬ್ಬ, ನಮ್ಮ ಗದ್ದೆಗೆ ಮೂವತ್ತು ಹೆಂಗಸರು ಬರುತ್ತಿದ್ದರಂತೆ ಅಂದ. ಮತ್ತೊಬ್ಬ, ನಾವು ಗೇಣಿಗೆ ಮಾಡುತ್ತಿದ್ದ ಗದ್ದೆ ಡಿಕ್ಲರೇಶನ್‌ನಲ್ಲಿ ನಮಗೇ ಸಿಕ್ಕಿತಂತೆ ಅಂದ. ಗೇಣಿಗೆ ಮಾಡುತ್ತಿದ್ದವರಿಗೇ ಗದ್ದೆ ಕೊಟ್ಟ 1974ರ ಭೂಸುಧಾರಣೆ ತಿದ್ದುಪಡಿ, ಇಲ್ಲಿನವರ ಬಾಯಲ್ಲಿ ಡಿಕ್ಲರೇಶನ್, ಸಮಾಜ ವಿಜ್ಞಾನದಲ್ಲಿ ಬರುತ್ತದೆ. ಅದರ ನೋಟ್ಸ್ ಬರೆದುಕೊಂಡ ಮಕ್ಕಳೇ ಇವರು. ಆದರೆ ಒಡೆಯರ ಮೊಮ್ಮಗ, ಒಕ್ಕಲಿನ ಮೊಮ್ಮಗ, ಕೂಲಿಗೆ ಹೋದವರ ಮೊಮ್ಮಗಳು ಒಂದೇ ಕ್ಲಾಸಿನಲ್ಲಿ ಕೂತಿದ್ದೇವೆ ಅಂತ ಅವರಿಗೆ ಗೊತ್ತಾಗಿದ್ದು ಅವತ್ತು. ಯಾರೂ ನಗಲಿಲ್ಲ. ಯಾರೂ ಯಾರನ್ನೂ ಹೀಯಾಳಿಸಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಿತ್ರ ಬರೆಯಲು ಕೂತರು. ನನ್ನ ಇಷ್ಟು ವರ್ಷಗಳಲ್ಲಿ ಮಕ್ಕಳು ಅಷ್ಟು ಗಮನವಿಟ್ಟು ಬರೆದಿದ್ದನ್ನು ನಾನು ಕಂಡಿದ್ದು ಕಡಿಮೆ.

ಒಂದು ವಸ್ತು, ಒಂದು ಪೀರಿಯಡ್. ಖರ್ಚು ಏನೂ ಇಲ್ಲ.

ಈಗ ಅದಕ್ಕಿಂತ ಏಳು ತಿಂಗಳ ಹಿಂದಿನ ಮಾತು ಹೇಳುತ್ತೇನೆ. ಶಾಲೆಯಿಂದ ಎರಡು ಬಸ್ಸಿನಲ್ಲಿ ಪ್ರವಾಸ ಹೋಗಿದ್ದೆವು. ಬೆಳಿಗ್ಗೆ ಒಂದು ದೇವಸ್ಥಾನ, ಸಂಜೆ ಬೀಚ್. ನಡುವೆ ಒಂದು ಮ್ಯೂಸಿಯಂ. ಅದರ ಹೆಸರು ಇಲ್ಲಿ ಬೇಡ, ಎಲ್ಲ ಕಡೆಯೂ ಆಗುವುದು ಹೆಚ್ಚುಕಡಿಮೆ ಹೀಗೇ. ಸುಮಾರು ನೂರು ಮಕ್ಕಳಿಗೆ ಸಿಕ್ಕಿದ್ದು ಅರ್ಧ ಗಂಟೆ. ಸಾಲು ಬಿಡಬೇಡಿ, ಮುಟ್ಟಬೇಡಿ, ಮುಂದೆ ಹೋಗಿ ಅನ್ನುವ ಮೂರು ಮಾತು ಬಿಟ್ಟರೆ ಬೇರೆ ಮಾತು ಅವರ ಕಿವಿಗೆ ಬೀಳಲಿಲ್ಲ. ಕೆಲವರು ವಸ್ತುಗಳ ಪಕ್ಕದ ಚೀಟಿಯಲ್ಲಿ ಇದ್ದಿದ್ದನ್ನು ಓಡುತ್ತಾ ಓಡುತ್ತಾ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮಾರನೇ ವಾರ ಪ್ರವಾಸದ ಪ್ರಬಂಧದಲ್ಲಿ ಮ್ಯೂಸಿಯಂ ಬಗ್ಗೆ ಎಲ್ಲರೂ ಬರೆದಿದ್ದು ಒಂದೇ ಸಾಲು: ಅಲ್ಲಿ ಹಳೆಯ ಕಾಲದ ವಸ್ತುಗಳಿದ್ದವು. ಮಕ್ಕಳದ್ದು ತಪ್ಪಲ್ಲ. ಕಾವಲಿಗೆ ನಿಂತವರದ್ದೂ ತಪ್ಪಲ್ಲ. ನೂರು ಮಕ್ಕಳನ್ನು ಅರ್ಧ ಗಂಟೆಗೆ ಒಳಗೆ ಬಿಟ್ಟರೆ ಇನ್ನೇನು ಮಾಡಲು ಸಾಧ್ಯ? ಆ ಪ್ರವಾಸದ ಪಟ್ಟಿ ಮಾಡಿದ ಟೀಚರುಗಳಲ್ಲಿ ನಾನೂ ಇದ್ದೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಈ ಪತ್ರ ಬರೆಯಲು ಅದೂ ಒಂದು ಕಾರಣ.

ನಮಗೆ ಮ್ಯೂಸಿಯಂಗಳ ಕೊರತೆ ಇಲ್ಲ. ಮಂಗಳೂರಿನ ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಿಂದ ನಡೆದುಕೊಂಡೇ ಹೋಗಬಹುದು. ಕರ್ನಲ್ ಮಿರಾಜ್ಕರ್ ತನ್ನ ತಾಯಿಯ ಹೆಸರಿನಲ್ಲಿ ಸರ್ಕಾರಕ್ಕೆ ಕೊಟ್ಟ ಮನೆ ಅದು. 1960ರಲ್ಲಿ ಜನರಿಗೆ ತೆರೆಯಿತು. ಕಟ್ಟಡವೇ ಹಡಗಿನ ಆಕಾರದಲ್ಲಿದೆ. ಒಬ್ಬ ಮಗ ತಾಯಿಯ ನೆನಪಿಗೆ ಇಡೀ ಮನೆಯನ್ನೇ ಊರಿಗೆ ಕೊಟ್ಟ ಅನ್ನುವುದೇ ಮಕ್ಕಳಿಗೆ ಒಂದು ಪಾಠ ಅಲ್ವಾ? ಈಗ ವಿಶ್ವವಿದ್ಯಾಲಯವಾಗಿರುವ ಸಂತ ಅಲೋಶಿಯಸ್ ಕಾಲೇಜಿನಲ್ಲಿ 1913ರಲ್ಲಿ ಶುರುವಾದ ಅಲೋಶಿಯಂ ಇದೆ. ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತ ಶಿಲ್ಪ ಇದೆ. ಪಿಲಿಕುಳದಲ್ಲಿ ಗುತ್ತಿನ ಮನೆ, ಅಂದರೆ ಊರಿನ ಯಜಮಾನರ ಹಳೆಯ ಕಾಲದ ಮನೆ, ಇದೆ. ಉಡುಪಿಯಲ್ಲಿ ನಾಣ್ಯಗಳ ಸಂಗ್ರಹಾಲಯ ಇದೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲೇ ಅದು ಇರುವುದು. ಇಷ್ಟೆಲ್ಲ ಒಂದೂವರೆ ಗಂಟೆಯ ದಾರಿಯೊಳಗೆ ಸಿಗುವ ಊರುಗಳು ಜಾಸ್ತಿ ಇಲ್ಲ.

ಇರುವುದನ್ನು ಬಳಸುವ ದಾರಿ ಹೇಗೆ ಅನ್ನುವುದೇ ನನ್ನ ಪ್ರಶ್ನೆ. ಗೊರಬೆಯ ನಂತರ ನಾನು ತಿಂಗಳಿಗೆ ಒಂದರಂತೆ ವಸ್ತು ತರಲು ಶುರು ಮಾಡಿದೆ. ಅದರಲ್ಲಿ ಕಂಡ ಎರಡು ಮೂರು ವಿಷಯ ನಿಮ್ಮ ಮುಂದೆ ಇಡುತ್ತೇನೆ.

ಹೆಂಚು. ನಮ್ಮ ಊರಿನ ಹೆಸರನ್ನು ದೇಶ ವಿದೇಶಕ್ಕೆ ಹೊತ್ತುಕೊಂಡು ಹೋದ ವಸ್ತು ಅದು. ಮನೆ ಕೆಡವಿ ಟೆರೇಸ್ ಹಾಕುವವರು ಹೆಂಚನ್ನು ಅಂಗಳದ ಮೂಲೆಯಲ್ಲಿ ಪೇರಿಸಿ ಇಟ್ಟಿರುತ್ತಾರೆ. ಅಲ್ಲಿಂದ ಒಂದೊಂದು ತನ್ನಿ ಅಂದೆ. ಹನ್ನೊಂದು ಹೆಂಚು ಬಂದವು. ಹೆಂಚಿನ ಹಿಂಬದಿಯಲ್ಲಿ ಉಬ್ಬು ಅಕ್ಷರ ಇರುತ್ತದೆ. ಅದರ ಮೇಲೆ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದರೆ ಅಕ್ಷರ ತಾನಾಗಿ ಮೂಡುತ್ತದೆ. ಒಬ್ಬನ ಕಾಗದದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865 ಅಂತ ಮೂಡಿತು. ಅವನು ಆ ಹೆಂಚೇ 1865ರದ್ದು ಅಂದುಕೊಂಡ. ಹಾಗಲ್ಲ, ಅದು ಕಾರ್ಖಾನೆ ಶುರುವಾದ ವರ್ಷ, ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಅನ್ನುವವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ್ದು, ಹೆಂಚು ಎಷ್ಟೋ ವರ್ಷ ಆಮೇಲೆ ಅಚ್ಚಾಗಿರಬಹುದು ಅಂತ ಹೇಳಿದೆ. ಅಕ್ಷರ ಓದಿದ ಮಾತ್ರಕ್ಕೆ ಎಲ್ಲ ಗೊತ್ತಾಗುವುದಿಲ್ಲ ಅಂತ ಅವನಿಗೆ ಅಲ್ಲೇ ಗೊತ್ತಾಯಿತು.

ಮುಳಿಹುಲ್ಲಿನ ಮಾಡು, ನಾಡಹೆಂಚು, ಆಮೇಲೆ ಈ ಹೊಸ ಹೆಂಚು ಬಂದಿದ್ದು ಹೇಗೆ ಅಂತ ಮಾತು ಬೆಳೆಯಿತು. ಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಡದ್ದು. ಯಂತ್ರದ ವಿದ್ಯೆ ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯದ್ದು. ದುಡಿದವರು ನಮ್ಮ ಜನ. ಮತಾಂತರವಾಗಿ ಮನೆಯಿಂದ, ಕುಲಕಸುಬಿನಿಂದ ಹೊರಬಿದ್ದವರಿಗೆ ಮಿಷನ್ನಿನ ಕಾರ್ಖಾನೆಗಳೇ ಅನ್ನ ಕೊಟ್ಟವು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಅದನ್ನು ಶತ್ರುಗಳ ಆಸ್ತಿ ಅಂತ ಕಿತ್ತುಕೊಂಡರು. ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯದ್ದಾಯಿತು. ಅಷ್ಟು ಹೊತ್ತು ಸುಮ್ಮನಿದ್ದ ಒಬ್ಬಳು, ನನ್ನ ಅಪ್ಪನ ಅಜ್ಜಿ ಹೆಂಚಿನ ಕಾರ್ಖಾನೆಗೆ ಮಣ್ಣು ಹೊರುತ್ತಿದ್ದರು ಟೀಚರ್, ನಾನು ಯಾರಿಗೂ ಹೇಳಿರಲಿಲ್ಲ ಅಂದಳು. ಯಾಕೆ ಹೇಳಿರಲಿಲ್ಲ ಅಂತ ನಾನು ಕೇಳಲಿಲ್ಲ. ಹನ್ನೊಂದು ಹೆಂಚುಗಳ ಮಧ್ಯೆ ನಿಂತು ಅವಳು ಅದನ್ನು ತಲೆ ಎತ್ತಿ ಹೇಳಿದಳು. ಅದು ಸಾಕು.

ಇನ್ನೊಂದು ದಿನ ತಡ್ಪೆ ತಂದೆ. ಬಿದಿರಿನದ್ದು, ಅಕ್ಕಿ ಕೇರುವುದು. ಇದಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ ಅಂತ ಕೇಳಿದೆ. ತುಳುವಿನವರು ತಡ್ಪೆ ಅಂದರು. ಕುಂದಾಪುರ ಕಡೆಯಿಂದ ಬಂದವಳು ಗೆರಸಿ ಅಂದಳು. ಕೊಂಕಣಿ ಮಾತಾಡುವವರು ಸೂಪ್ ಅಂದರು, ಅದರಲ್ಲಿ ಕ್ರಿಶ್ಚಿಯನ್ ಮಕ್ಕಳೂ ಇದ್ದರು, ಗೌಡ ಸಾರಸ್ವತ ಬ್ರಾಹ್ಮಣ ಮಕ್ಕಳೂ ಇದ್ದರು. ಬಾಗಲಕೋಟೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗ ಒಬ್ಬ ಇದ್ದಾನೆ. ಅವನು ತುಂಬಾ ಕಡಿಮೆ ಮಾತಾಡುವ ಹುಡುಗ. ಮೊರ ಅಂದ. ಆಮೇಲೆ ತಾನಾಗಿ ಎದ್ದು ಬಂದು, ಅವನ ಅವ್ವ ಜೋಳ ಕೇರುವ ರೀತಿಯನ್ನು ಮಾಡಿ ತೋರಿಸಿದ. ಮಣಿಕಟ್ಟಿನ ತಿರುವು ಬೇರೆಯೇ ಇತ್ತು. ಎಲ್ಲರೂ ಅದನ್ನು ಕಲಿಯಲು ಮುಗಿಬಿದ್ದರು. ಆ ಹುಡುಗ ನಮ್ಮ ಶಾಲೆಗೆ ಬಂದು ಎರಡು ವರ್ಷವಾಗಿತ್ತು. ಅವನಿಂದ ಕಲಿಯುವುದಿದೆ ಅಂತ ಉಳಿದವರಿಗೆ ಅನಿಸಿದ್ದು ಆ ದಿನ. ಸಹಬಾಳ್ವೆ ಅಂತ ಬೋರ್ಡಿನ ಮೇಲೆ ಬರೆದು ವಿವರಿಸಿದ್ದರೆ ಇದು ಆಗುತ್ತಿರಲಿಲ್ಲ.

ಅದೇ ಹೊತ್ತಿಗೆ ಕಾಡುಬೀಳಿನ, ಅಂದರೆ ಕಾಡುಬಳ್ಳಿಯ, ಬುಟ್ಟಿಯ ಮಾತೂ ಬಂತು. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ನಮ್ಮ ಮ್ಯೂಸಿಯಂಗಳಲ್ಲಿ, ಮನೆಗಳಲ್ಲಿ ಇರುವ ಗಟ್ಟಿ ಬುಟ್ಟಿಗಳಲ್ಲಿ ತುಂಬಾ ಬುಟ್ಟಿ ಹೆಣೆದವರು ಕೊರಗ ಸಮುದಾಯದ ಜನ. ಒಂದು ಕಡೆ ನಾನು ಓದಿದ ಚೀಟಿಯಲ್ಲಿ ಬುಟ್ಟಿ ಅಂತ ಇತ್ತು, ಯಾವ ಬಳ್ಳಿ ಅಂತ ಇತ್ತು, ಅದನ್ನು ದಾನ ಕೊಟ್ಟ ಮನೆತನದ ಹೆಸರೂ ಇತ್ತು. ಹೆಣೆದವರ ಸುದ್ದಿಯೇ ಇರಲಿಲ್ಲ. ಆ ಸಮುದಾಯವನ್ನು ಊರು ಎಷ್ಟು ಕೀಳಾಗಿ ನಡೆಸಿಕೊಂಡಿತು ಅನ್ನುವುದು ನಮಗೆಲ್ಲ ಗೊತ್ತು. ಅವರನ್ನು ಕೀಳು ಚಾಕರಿಗೆ ಕಟ್ಟಿಹಾಕಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲು 2000ರಲ್ಲಿ ಸರ್ಕಾರ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಬುಟ್ಟಿಯನ್ನು ಹೊಗಳಿ ಹೆಣೆದವರ ಬಗ್ಗೆ ಬಾಯಿ ಮುಚ್ಚಿಕೊಂಡರೆ ನಾವು ಮಕ್ಕಳಿಗೆ ಅರ್ಧ ಸುಳ್ಳು ಕಲಿಸಿದ ಹಾಗೆ. ಆ ಸಮುದಾಯದ ಮಗು ಅದೇ ಕ್ಲಾಸಿನಲ್ಲಿ ಇರಬಹುದು. ಆ ಮಗುವನ್ನು ಎಬ್ಬಿಸಿ ನಿಲ್ಲಿಸಿ ಹೇಳು ಅನ್ನುವುದೂ ತಪ್ಪೇ. ನಾನು ಒಮ್ಮೆ ಹಾಗೆ ಮಾಡಲು ಹೊರಟು ನಿಲ್ಲಿಸಿಕೊಂಡೆ. ಹಾಗಾಗಿಯೇ ಹೇಳುತ್ತಿದ್ದೇನೆ, ಈ ಕೆಲಸಕ್ಕೆ ಟೀಚರುಗಳಿಗೂ ತಯಾರಿ ಬೇಕು. ಬುಟ್ಟಿ ಹೆಣೆಯುವ ಹಿರಿಯರನ್ನೇ ಗೌರವಧನ ಕೊಟ್ಟು ಕರೆಸಿ. ಮೇಜಿನ ಹಿಂದೆ ಅವರು ಇರಲಿ, ಎದುರಿನ ಬೆಂಚಿನಲ್ಲಿ ನಾವು ಕೂರುತ್ತೇವೆ.

ಚೆನ್ನೆಮಣೆಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಎರಡು ಸಾಲಿನಲ್ಲಿ 14 ಗುಳಿ. ತುಳುವರ ಆಟಿ ತಿಂಗಳ (ಜುಲೈ-ಆಗಸ್ಟ್) ಆಟ. ಹಾಸನ ಕಡೆಯ ಮಗು ಅದನ್ನು ಅಳಗುಳಿಮಣೆ ಅಂದಿತು. ತಮಿಳುನಾಡಿನಲ್ಲೂ ಇದೆ, ಆಫ್ರಿಕಾದಲ್ಲೂ ಇಂಥ ಆಟಗಳಿವೆ. ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಯಾಕೆ ಅಂತ ತಿಳಿಯಲು ಸಿರಿ ಪಾಡ್ದನ ಅನ್ನುವ ತುಳು ಕಥನಗೀತೆಗೆ ಹೋಗಬೇಕು. ಅಲ್ಲಿ ಅಬ್ಬಗ, ದಾರಗ ಅನ್ನುವ ಅವಳಿ ಅಕ್ಕತಂಗಿಯರ ಜಗಳ ಇದೇ ಮಣೆಯ ಮುಂದೆ ಶುರುವಾಗಿ ಸಾವಿನಲ್ಲಿ ಮುಗಿಯುತ್ತದೆ. ಮರದ ಒಂದು ತುಂಡಿನಿಂದ ಮಕ್ಕಳು ಲೆಕ್ಕಕ್ಕೂ ಹೋದರು, ಪಾಡ್ದನಕ್ಕೂ ಹೋದರು. ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಚೆನ್ನೆಮಣೆಯಿಂದ ಇದು ಆಗುವುದಿಲ್ಲ. ಗುಳಿಗೆ ಕಾಯಿ ಹಾಕಿ ಆಡಲೇಬೇಕು.

ಹೀಗೆ ಮಾಡುತ್ತಾ ಹೋದಾಗ ಒಂದು ನೋವೂ ಆಯಿತು. ಭೂತದ ಮರದ ಮೂರ್ತಿಗಳ ಬಗ್ಗೆ ಹೇಳುವಾಗ ಮೆಕ್ಕೆಕಟ್ಟಿನ ಹೆಸರು ಬಂತು. ಉಡುಪಿ ಜಿಲ್ಲೆಯದ್ದೇ ಊರು. ಅಲ್ಲಿನ ಹಳೆಯ ಮೂರ್ತಿಗಳನ್ನು ನೋಡಬೇಕಾದರೆ ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ಭೂತಗಳಿಗೇ ಒಂದು ಅಂಕಣ ಇದೆ. ಅಂಥ ಕೆಲಸಗಳನ್ನು ದೇಶ ಕಾಪಾಡಬೇಕು ಅಂತ ಜೀವಮಾನ ದುಡಿದ ಕಮಲಾದೇವಿ ಚಟ್ಟೋಪಾಧ್ಯಾಯರು 1903ರಲ್ಲಿ ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು. ಆ ಮೂರ್ತಿಗಳು ಉಳಿದುಕೊಂಡವು ಅನ್ನುವ ಸಮಾಧಾನ ನನಗೆ ಇದೆ. ಆದರೆ, ನಮ್ಮ ಊರಿನದ್ದನ್ನು ನೋಡಲು ನಾವು ರೈಲು ಹತ್ತಬೇಕಾ ಟೀಚರ್ ಅಂತ ಮಗು ಕೇಳಿದಾಗ ಉತ್ತರ ಹೇಳುವುದು ಕಷ್ಟ. ಕನಿಷ್ಠ ಅವುಗಳ ಒಳ್ಳೆಯ ದೊಡ್ಡ ಫೋಟೋಗಳನ್ನಾದರೂ ಬಿಜೈ ಮ್ಯೂಸಿಯಂಗೆ ತರಿಸಿ. ಜೊತೆಗೆ ಇನ್ನೊಂದು ಮಾತು. ಭೂತದ ಮೊಗ ಕೆಲವು ಮಕ್ಕಳ ಮನೆಯಲ್ಲಿ ಇಂದಿಗೂ ಪೂಜೆಯ ವಸ್ತು. ಅದನ್ನು ಹಿಡಿದು ಆಡಿಸುವ ಹಾಗಿಲ್ಲ. ಯಾವುದನ್ನು ಮುಟ್ಟಬಹುದು, ಯಾವುದರ ಮುಂದೆ ಚಪ್ಪಲಿ ಬಿಡಬೇಕು ಅಂತ ಆ ಮಕ್ಕಳೇ ಉಳಿದವರಿಗೆ ಹೇಳಿಕೊಡಲಿ. ಬೇರೆ ಧರ್ಮದ ಮಕ್ಕಳು ಅದನ್ನು ಎಷ್ಟು ಶ್ರದ್ಧೆಯಿಂದ ಕೇಳುತ್ತಾರೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಬಪ್ಪನಾಡಿನ ದೇವಿಯ ಕತೆಯಲ್ಲಿ ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿ ಬರುವ ಊರು ನಮ್ಮದು.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಹೊಸ ಕಟ್ಟಡ ಕೇಳುತ್ತಿಲ್ಲ. ಟಚ್ ಸ್ಕ್ರೀನ್ ಕೇಳುತ್ತಿಲ್ಲ.

ಮ್ಯೂಸಿಯಂ ಭೇಟಿಯನ್ನು ವಾರ್ಷಿಕ ಪ್ರವಾಸದಿಂದ ಬೇರೆ ಮಾಡಿ. ಬ್ಯಾಗ್ ಇಲ್ಲದ ಶನಿವಾರಗಳು ಹೇಗೂ ಇವೆ. ಅಂಥ ಒಂದು ಶನಿವಾರ ಒಂದು ತರಗತಿ ಮಾತ್ರ, ಮೂವತ್ತು ನಲವತ್ತು ಮಕ್ಕಳು, ಹತ್ತಿರದ ಮ್ಯೂಸಿಯಂಗೆ ಅರ್ಧ ದಿನ ಹೋಗಲಿ. ಐದೈದು ಮಕ್ಕಳಿಗೆ ಒಂದು ವಸ್ತು. ಇಡೀ ಮ್ಯೂಸಿಯಂ ನೋಡಲೇಬೇಕು ಅನ್ನುವ ಹಟ ಬೇಡ. ಆ ಅರ್ಧ ದಿನವನ್ನು ಪಾಠದ ಅವಧಿ ಅಂತಲೇ ಲೆಕ್ಕ ಹಿಡಿಯಲು ಒಂದು ಸುತ್ತೋಲೆ ಹೊರಡಿಸಿ. ಈಗ ಹಾಗೆ ಹೋಗಬೇಕಾದರೆ ಟೀಚರ್ ಹತ್ತು ಕಡೆ ಉತ್ತರ ಹೇಳಬೇಕು, ಸಿಲೆಬಸ್ ಮುಗಿದಿಲ್ಲ ಅನ್ನುವ ಮಾತು ಕೇಳಬೇಕು. ಸರ್ಕಾರಿ ಶಾಲೆಯ ಮಕ್ಕಳ ಬಸ್ಸಿನ ಖರ್ಚಿಗೆ ಒಂದು ದಾರಿ ಮಾಡಿ. ಖಾಸಗಿ ಮ್ಯೂಸಿಯಂನವರು ಅಂಥ ದಿನಗಳಲ್ಲಿ ಮಕ್ಕಳ ಟಿಕೆಟ್ ಬಿಟ್ಟುಕೊಟ್ಟರೆ ತುಂಬಾ ಉಪಕಾರ.

ಮ್ಯೂಸಿಯಂನವರಲ್ಲಿ ಕೇಳುವುದು ಇಷ್ಟು. ಮಕ್ಕಳು ನೆಲದ ಮೇಲೆ ಕೂತು ಚಿತ್ರ ಬರೆಯಲು ಬಿಡಿ. ನಾವು ಚಾಪೆ ತರುತ್ತೇವೆ. ಪೆನ್ಸಿಲ್ ಮಾತ್ರ ತರುತ್ತೇವೆ, ಬಣ್ಣ ತರುವುದಿಲ್ಲ. ಚೀಟಿಯಲ್ಲಿ ಕನ್ನಡ, ಇಂಗ್ಲಿಷ್ ಹೆಸರಿನ ಜೊತೆ ತುಳು, ಕೊಂಕಣಿ, ಬ್ಯಾರಿ ಹೆಸರನ್ನೂ ಬರೆಸಿ. ಮಾಡಿದವರು ಯಾರು, ಬಳಸಿದವರು ಯಾರು ಅಂತ ಒಂದೊಂದು ಸಾಲು ಬರೆಸಿ. ನಿಮ್ಮಲ್ಲಿ ಎರಡು ಮೂರು ಇರುವ ಸಾಮಾನ್ಯ ವಸ್ತುಗಳನ್ನು, ಪಾವು, ಸೇರು, ಕಳಸೆ, ಮುಟ್ಟಾಳೆ, ಅಡಕತ್ತರಿ, ಹೆಂಚು ಇಂಥವನ್ನು, ಒಂದು ಪೆಟ್ಟಿಗೆಯಲ್ಲಿ ಹಾಕಿ ಶಾಲೆಗಳಿಗೆ ಹದಿನೈದು ದಿನ ಕೊಟ್ಟು ವಾಪಸ್ ಪಡೆಯುವ ವ್ಯವಸ್ಥೆ ಮಾಡಿ. ಇದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಕೋಲ್ಕತಾದ ವಿಜ್ಞಾನ ಮ್ಯೂಸಿಯಂ 1965ರಲ್ಲೇ ಬಸ್ಸಿನಲ್ಲಿ ಪ್ರದರ್ಶನ ಹೊತ್ತು ಹಳ್ಳಿಗಳಿಗೆ ಹೋಗಿತ್ತು. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ 2015ರಿಂದ ಒಂದು ಬಸ್ಸನ್ನೇ ಮ್ಯೂಸಿಯಂ ಮಾಡಿ ಶಾಲೆಗಳಿಗೆ ಕಳಿಸುತ್ತಿದೆ. ನಮಗೆ ಬಸ್ಸು ಬೇಡ. ಒಂದು ತಗಡಿನ ಟ್ರಂಕು ಸಾಕು.

ಮೇ 18 ವಿಶ್ವ ವಸ್ತುಸಂಗ್ರಹಾಲಯ ದಿನ. ಆಗ ಮ್ಯೂಸಿಯಂಗಳಲ್ಲಿ ಕಾರ್ಯಕ್ರಮ ಇರುತ್ತದೆ. ನಮ್ಮ ಶಾಲೆಗಳಿಗೆ ಆಗ ಬೇಸಿಗೆ ರಜೆ. ಮಕ್ಕಳು ಅಜ್ಜಿಮನೆಯಲ್ಲಿ ಇರುತ್ತಾರೆ. ನಮ್ಮ ಎರಡು ಜಿಲ್ಲೆಗಳಲ್ಲಿ ಅದನ್ನು ಶಾಲೆ ಶುರುವಾದ ಮೇಲೆ, ಆಟಿ ತಿಂಗಳಲ್ಲಿ ಮತ್ತೊಮ್ಮೆ ಮಾಡಬಹುದು. ಹೇಗೂ ಎಲ್ಲ ಶಾಲೆಗಳಲ್ಲಿ ಆಟಿದ ಕೂಟ ಅಂತ ಮಾಡಿ ಪತ್ರೊಡೆ ತಿನ್ನುತ್ತೇವಲ್ಲ. ಅದೇ ದಿನ ಅಜ್ಜಿಯ ಅಟ್ಟದಿಂದ ಒಂದು ವಸ್ತು ತನ್ನಿ ಅಂತ ಮಕ್ಕಳಿಗೆ ಹೇಳಿದರೆ ಪ್ರತಿ ಶಾಲೆಯಲ್ಲೂ ಒಂದು ದಿನದ ಮ್ಯೂಸಿಯಂ ತಾನಾಗಿ ಏಳುತ್ತದೆ.

ಕೊನೆಯದು, ಟೀಚರುಗಳ ತರಬೇತಿ. ವರ್ಷದಲ್ಲಿ ಒಂದು ತರಬೇತಿಯನ್ನಾದರೂ ಮ್ಯೂಸಿಯಂ ಒಳಗೆ ಮಾಡಿ. ಪಿಪಿಟಿ ಬೇಡ. ನಮ್ಮನ್ನೂ ಒಂದು ವಸ್ತುವಿನ ಮುಂದೆ ಒಂದು ಗಂಟೆ ಕೂರಿಸಿ. ಮಕ್ಕಳಿಗೆ ಏನು ಕೇಳಬೇಕು ಅನ್ನುವುದು ನಮಗೇ ಹೊಳೆಯುತ್ತದೆ. ನಾನು ಆ ಕೆಲಸಕ್ಕೆ ಯಾವ ಶನಿವಾರ ಕರೆದರೂ ಬರುತ್ತೇನೆ.

ಆ ಗೊರಬೆ ಈಗಲೂ ನನ್ನ ಹತ್ತಿರವೇ ಇದೆ. ವಾಪಸ್ ಕೊಡಲು ಹೋದಾಗ ಅಜ್ಜಿ ತೆಗೆದುಕೊಳ್ಳಲಿಲ್ಲ. ಮಕ್ಕಳು ನೋಡಲಿ, ನನಗೆ ಇನ್ನು ಯಾವ ಗದ್ದೆ ಅಂದರು. ಒಂದು ಬದಿಯ ಗರಿ ಹರಿದಿದೆ. ಅದನ್ನು ಸರಿ ಮಾಡುವವರನ್ನು ಹುಡುಕುತ್ತಿದ್ದೇನೆ. ನೀವು ಆ ಟ್ರಂಕು ಶುರು ಮಾಡುವ ದಿನ ನನಗೆ ಒಂದು ಮಾತು ತಿಳಿಸಿ. ಮೊದಲ ವಸ್ತುವಾಗಿ ಇದನ್ನು ನಾನೇ ತಂದು ಒಳಗೆ ಇಡುತ್ತೇನೆ, ಜೊತೆಗೆ ಅಜ್ಜಿಯ ಹೆಸರು ಬರೆದ ಚೀಟಿಯನ್ನೂ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಿತ್ರಕಲಾ ಶಿಕ್ಷಕಿ
ಮಂಗಳೂರು